ಬೇಲಿ ವಾಲಿದ ಮೇಲೆ ಕಂಟ್ರಾಕ್ಟರನ ಲೆಕ್ಕ

(ತಾಲ್ಲೂಕಿನ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಕೊಬ್ಬರಿ ಬೆಲೆ, ಅಡಿಕೆ ಧಾರಣೆ, ಸೊಸೈಟಿ ಸಾಲ ಎಲ್ಲದರ ಬಗ್ಗೆ ನನಗಿಂತ ಮೊದಲು ಮಾತಾಡಿದವರು ಹೇಳಿದ್ದಾರೆ. ನಾನು ಎತ್ತಿಕೊಂಡಿರೋದು ತೋಟದ ಬೇಲಿ. ಇದೇನು ಸಭೇಲಿ ಮಾತಾಡೋ ವಿಷಯವೇ ಅಂತ ನಗಬೇಡಿ. ನಮ್ಮ ಅಜ್ಜಂದಿರು ಬದುವಿನ ಮೇಲೆ ಕತ್ತಾಳೆ ನೆಟ್ಟರು, ಕಳ್ಳಿ ನೆಟ್ಟರು. ಅದಕ್ಕೆ ಕಾಸೂ ಬೇಕಿರಲಿಲ್ಲ, ಕಂಟ್ರಾಕ್ಟರೂ ಬೇಕಿರಲಿಲ್ಲ. ಈಗ ಹಂದಿ ಕಾಟಕ್ಕೆ, ಬೀಡಾಡಿ ದನಗಳ ಕಾಟಕ್ಕೆ ಕಲ್ಲುಕಂಬ, ಮುಳ್ಳುತಂತಿ ಇಲ್ಲದೆ ತೋಟ ಉಳಿಯೋದಿಲ್ಲ.

ಒಂದು ಎಕರೆಗೆ 43,560 ಚದರಡಿ. ನಾಲ್ಕು ಎಕರೆ ಚೌಕವಾದ ತೋಟ ಅಂದರೆ ಒಂದು ಮಗ್ಗುಲು ಸುಮಾರು 417 ಅಡಿ, ಸುತ್ತ ಸುಮಾರು 1,670 ಅಡಿ ಬೇಲಿ. ಅಡಿಗೆ 100 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ, 1,67,000 ರೂಪಾಯಿ ಆಯಿತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದಿದ್ದರೆ ತಿಂಗಳಿಗೆ 3,340, ವರ್ಷಕ್ಕೆ 40,080 ರೂಪಾಯಿ ಬಡ್ಡಿಯೇ. ಬೇಲಿ ಮೊದಲನೇ ಮಳೆಗೆ ಮಲಗಿಬಿಟ್ಟರೂ ಬಡ್ಡಿ ಮಲಗೋದಿಲ್ಲ ಸ್ವಾಮಿ. ಅದಕ್ಕೇ ಇದು ಸಾಲದ ವಿಷಯವೂ ಹೌದು ಅಂತ ಇಲ್ಲಿ ತಂದಿದೀನಿ.

ನಮ್ಮ ಕಡೆ ಇಂಥದೇ ಒಂದು ತೋಟದ ಪಂಚಾಯ್ತಿಗೆ ನಾನೂ ಕೂತಿದ್ದೆ. ಹೆಸರು ಬೇಡ, ಇಬ್ಬರೂ ಬದುಕಬೇಕಾದವರು. ತೆಂಗಿನ ತೋಟ, ಹೆಚ್ಚುಕಡಿಮೆ ನಾಲ್ಕು ಎಕರೆ. ಚೀಟಿಯಲ್ಲಿ ಬರೆದದ್ದು: ಎಂಟು ಅಡಿಗೆ ಒಂದು ಕಲ್ಲು, ಎರಡು ಅಡಿ ಗುಂಡಿ, 12 ಗೇಜಿನ ತಂತಿ, ಐದು ಎಳೆ. ಮಳೆ ಹಿಡಿದ ಹದಿನೈದು ದಿನಕ್ಕೆ ಒಂದು ಮೂಲೆ ಕಂಬ ಒಳಗೆ ವಾಲಿತು. ಅದರ ಹಿಂದೆ ಎರಡು ಮಗ್ಗುಲಿನ ತಂತಿಯೂ ಸಡಿಲವಾಗಿ ನೆಲಕ್ಕೆ ಇಳಿಯಿತು. ಹಂದಿಗಳು ಎಳೇ ಸಸಿಗಳ ಬುಡ ಕಿತ್ತುಹಾಕಿದವು. ತೋಟದವರು "ತಂತಿಯೇ ಕಳಪೆ, ಪೂರ್ತಿ ಮೋಸ" ಅಂತ ಕೂಗಾಡಿ ಬಾಕಿ ಹಣ ಅಷ್ಟೂ ಹಿಡಿದುಕೊಂಡರು. ಕಂಟ್ರಾಕ್ಟರು "ನಿಮ್ಮ ಮಣ್ಣು ಮೆತ್ತಗೆ, ಹಂದಿ ನುಗ್ಗಿದರೆ ನಾನೇನ್ ಮಾಡ್ಲಿ ಯಜಮಾನ್ರೆ" ಅಂದ. ಗುಂಡಿ ತೋಡಿದ ಆಳುಗಳು ಕೂಲಿಗೆ ಅವನ ಮನೆ ಬಾಗಿಲಿಗೆ ನಿಂತಿದ್ದರು.

ನಾವು ಮಾಡಿದ್ದು ಒಂದೇ ಕೆಲಸ. ಕೂಗಾಟ ನಿಲ್ಲಿಸಿ, ಟೇಪು ತರಿಸಿದೆವು. ಇಬ್ಬರನ್ನೂ ಜೊತೆಗೆ ನಡೆಸಿಕೊಂಡು ಸುತ್ತ ಅಳೆದೆವು. ಕಲ್ಲು ಎಂಟು ಅಡಿಗೆ ಅಲ್ಲ, ಹತ್ತು ಅಡಿಗೆ ಇತ್ತು. 1,670 ಅಡಿಗೆ 209 ಕಲ್ಲು ಬರಬೇಕಾದ ಕಡೆ 167 ಬಂದಿತ್ತು. 42 ಕಲ್ಲು ಕಮ್ಮಿ! ಕಣ್ಣಲ್ಲಿ ನೋಡಿದರೆ ಎಂಟಕ್ಕೂ ಹತ್ತಕ್ಕೂ ಏನೂ ಗೊತ್ತಾಗೋದಿಲ್ಲ ನೋಡಿ. ವಾಲಿದ ಕಂಬದ ಬುಡ ಬಿಡಿಸಿದರೆ ಗುಂಡಿ ಒಂದು ಅಡಿ ಚಿಲ್ಲರೆ. ಮೂಲೆಗೆ ಓರೆಯಾಗಿ ಆನಿಸಬೇಕಾದ ಆಸರೆ ಕಲ್ಲು ಇರಲೇ ಇಲ್ಲ. ಐದು ಎಳೆ ತಂತಿಯ ಎಳೆತ ಎಲ್ಲಾ ಬಂದು ಬೀಳೋದು ಮೂಲೆ ಕಂಬದ ಮೇಲೆ. ಎರಡು ಕಡೆಯಿಂದ ಎಳೆದರೆ ಅದು ಒಳಗೆ ಬಾಗದೆ ಇನ್ನೇನು ಮಾಡೀತು?

ಆದರೆ ತಂತಿ? ಪೇಟೆಯ ಕಬ್ಬಿಣದ ಅಂಗಡಿಯಿಂದ ಗೇಜು ಅಳೆಯುವ ತಟ್ಟೆ ತರಿಸಿ ನೋಡಿದರೆ ಸರಿಯಾಗಿ 12 ಗೇಜೇ ಇತ್ತು. ಅಷ್ಟುಮಟ್ಟಿಗೆ ಕಂಟ್ರಾಕ್ಟರನ ಮಾತು ನಿಜ. ಗೇಜಿನ ವಿಷಯ ನಮ್ಮಲ್ಲಿ ಬಹಳ ಜನಕ್ಕೆ ತಲೆಕೆಳಗಾಗಿ ಗೊತ್ತು. ನಂಬರು ಹೆಚ್ಚಿದಷ್ಟೂ ತಂತಿ ಸಣ್ಣ. 12 ಗೇಜು ಸುಮಾರು 2.6 ಮಿಲಿಮೀಟರು ದಪ್ಪ, 14 ಗೇಜು ಸುಮಾರು 2 ಮಿಲಿಮೀಟರು. ಅಷ್ಟೇ ತಾನೇ ಅನ್ನಬೇಡಿ. ಒಂದೇ ಉದ್ದದ ಸಾದಾ ತಂತಿ 12 ಗೇಜಿನದು ಹತ್ತು ಕೆ.ಜಿ. ತೂಗಿದರೆ 14 ಗೇಜಿನದು ಆರು ಕೆ.ಜಿ. ತೂಗುತ್ತೆ. ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟವನಿಗೆ ನಾಲ್ಕು ಕೆ.ಜಿ. ಉಕ್ಕು ಮಾಯ.

ತೀರ್ಮಾನ ಹೀಗಾಯಿತು. ಹತ್ತು ಅಡಿಗೆ ನಿಂತ ಕಲ್ಲನ್ನು ಎಂಟಕ್ಕೆ ತರಬೇಕಾದರೆ ಇಡೀ ಬೇಲಿ ಬಿಚ್ಚಬೇಕು. ಅದು ಇಬ್ಬರಿಗೂ ನಷ್ಟ. ಆದ್ದರಿಂದ 42 ಕಲ್ಲಿನ ಬೆಲೆ, ಅದರ ಗುಂಡಿ ಕೂಲಿ, ಸಾಗಾಣಿಕೆ ಬಾಕಿಯಲ್ಲಿ ವಜಾ. ನಾಲ್ಕು ಮೂಲೆ ಕಂಬ ಎರಡು ಅಡಿಗೆ ಇಳಿಸಿ, ಕಾಂಕ್ರೀಟು ಹಾಕಿ, ಆಸರೆ ಕಲ್ಲು ಕೊಟ್ಟು, ತಂತಿ ಮತ್ತೆ ಎಳೆದು ಕೊಡಬೇಕು, ಹತ್ತು ದಿನದ ಒಳಗೆ, ಅವನ ಖರ್ಚಿನಲ್ಲಿ. ಆಳುಗಳ ಕೂಲಿಯಷ್ಟು ಅವತ್ತೇ ತೋಟದವರು ಕೊಟ್ಟು ಬಾಕಿಗೆ ಜಮಾ ಮಾಡಿಕೊಳ್ಳಬೇಕು. ಈ ಕೊನೇ ಮಾತಿಗೆ ನಮ್ಮವರೇ ಮುಖ ಗಂಟಿಕ್ಕಿದರು. ನಾನು ಜಗ್ಗಲಿಲ್ಲ. ಮಂಡಿಯವನು ತೂಕದಲ್ಲಿ ಮುರಿದು ನಮ್ಮ ಪಟ್ಟಿ ದುಡ್ಡು ಹಿಡಿದರೆ ಬಾಯಿ ಬಡಿದುಕೊಳ್ಳುವ ನಾವು, ಕಮ್ಮಿ ಬಂದ ಕೆಲಸಕ್ಕೆ ಕಮ್ಮಿ ಕೊಡಬಹುದೇ ಹೊರತು ಗುಂಡಿ ತೋಡಿದವನ ಹೊಟ್ಟೆಗೆ ಕೈ ಹಾಕಬಾರದು. ಕಾಗದ ಬರೆದು ಇಬ್ಬರೂ ರುಜು ಹಾಕಿದರು. ಒಂಬತ್ತನೇ ದಿನಕ್ಕೆ ಕೆಲಸ ಮುಗಿಯಿತು.

ಎಲ್ಲಾ ಕಂಟ್ರಾಕ್ಟರೂ ಹೀಗೆ ಬಗ್ಗೋದಿಲ್ಲ, ಗೊತ್ತು. ಫೋನೇ ಎತ್ತದವನಿಗೆ ಏನು ಮಾಡೋದು? ಮೊದಲು ಬಿದ್ದ ಬೇಲಿಯ ಫೋಟೊ ತೆಗೆಸಿ, ಅಳತೆ ಬರೆದು, ನೋಡಿದ ಇಬ್ಬರ ರುಜು ಹಾಕಿಸಿ ಇಟ್ಟುಕೊಳ್ಳಿ. ಆಮೇಲೆ ಇಂಥಾ ತಾರೀಖಿನೊಳಗೆ ಸರಿಮಾಡಿಕೊಡು ಅಂತ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕಿ, ರಸೀದಿ ಜೋಪಾನ ಮಾಡಿ. ನಂತರ ತೋಟ ಹಂದಿಗೆ ಬಿಟ್ಟು ಕೂರಬೇಡಿ, ತಾತ್ಕಾಲಿಕವಾಗಿ ಮುಳ್ಳಾದರೂ ಬಡಿಯಿರಿ. 1872ರ ಕರಾರು ಕಾಯಿದೆಯ 73ನೇ ಕಲಮು ನಷ್ಟ ಕೊಡಿಸುತ್ತೆ, ನಿಜ. ಆದರೆ ನಷ್ಟ ತಪ್ಪಿಸಲು ನಿನ್ನ ಕೈಲಿದ್ದದ್ದನ್ನು ನೀನು ಮಾಡಿದೆಯಾ ಅಂತಲೂ ಕೇಳುತ್ತೆ.

ಠಾಣೆಗೆ ಓಡಿದರೆ ಬರೀ ಕಳಪೆ ಕೆಲಸವನ್ನು ಸಿವಿಲ್ ವ್ಯಾಜ್ಯ ಅಂತ ಹೇಳಿ ವಾಪಸು ಕಳಿಸುತ್ತಾರೆ. ಅದಕ್ಕಿಂತ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿ ಆಗಬಹುದು. ಅಲ್ಲಿ ಆದ ರಾಜಿಗೆ 1987ರ ಕಾಯಿದೆ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅಪೀಲು ಇಲ್ಲ. ಆದರೆ ಇಬ್ಬರೂ ಒಪ್ಪಬೇಕು.

ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಗ್ರಾಹಕ ಅಂದರೆ ಪೇಟೆಯವನು ಮಾತ್ರ ಅನ್ನೋ ಭ್ರಮೆ ಬಿಡಿ. ಬೀಜದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2012ರಲ್ಲೇ ರೈತನೂ ಗ್ರಾಹಕನೇ ಅಂದಿದೆ. ಎದುರು ವಕೀಲ "ತೋಟ ವ್ಯಾಪಾರಕ್ಕೆ" ಅಂತ ತಗಾದೆ ಎತ್ತಬಹುದು. ನಾನೇ ದುಡಿಯೋದು, ಇದೇ ನನ್ನ ಜೀವನಾಧಾರ ಅಂತ ಅರ್ಜಿಯಲ್ಲಿ ಮೊದಲೇ ಬರೆದು ಪಹಣಿ ಲಗತ್ತಿಸಿ. 2019ರ ಕಾಯಿದೆ ಬಂದ ಮೇಲೆ ಕಂಟ್ರಾಕ್ಟರ್ ಬೇರೆ ಜಿಲ್ಲೆಯವನಾದರೂ ನಿಮ್ಮ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರಿಲ್ಲದೆ ನೀವೇ ನಿಂತು ವಾದ ಹೇಳಬಹುದು. ಲೋಪ ಸರಿಮಾಡು, ಹಣ ವಾಪಸು ಕೊಡು, ಪರಿಹಾರ ಕೊಡು ಅಂತ ಆಯೋಗ ಆದೇಶ ಮಾಡಬಹುದು.

ಒಂದು ಎಚ್ಚರಿಕೆ. ಬೇಲಿ ಪಕ್ಕದವರ ಸರ್ವೆ ನಂಬರಿಗೆ ಹೋಗಿ ಎದ್ದ ಜಗಳವಾದರೆ ಈ ದಾರಿ ಅಲ್ಲ. ಅದಕ್ಕೆ ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಕಂಬ ನೆಡುವ ಮುಂಚೆ ಹಾಕಿದರೆ ಇನ್ನೂ ಒಳ್ಳೇದು.

ಗ್ರಾಹಕರ ಆಯೋಗಕ್ಕೆ ವಾಯಿದೆ ಎರಡು ವರ್ಷ, ಸಿವಿಲ್ ದಾವೆಗೆ ಮೂರು ವರ್ಷ. ನಾಳೆ ಕೊಡ್ತೀನಿ, ಸುಗ್ಗಿ ಮುಗೀಲಿ, ಹಬ್ಬ ಕಳೀಲಿ ಅಂತ ಕಂಟ್ರಾಕ್ಟರ್ ಸಾಗಹಾಕುತ್ತಾ ಇದ್ದರೆ ಆ ದಿನಗಳು ನಿಮ್ಮ ಲೆಕ್ಕದಲ್ಲೇ ಕಳೆಯುತ್ತವೆ. ಬೇಲಿ ಜಗಳ ಇಟ್ಟುಕೊಂಡವರು ಇಲ್ಲೂ ನಾಲ್ಕೈದು ಜನ ಇದೀರಿ ಅಂತ ಕೇಳಿದೀನಿ. ಮನೆಗೆ ಹೋಗಿ ಚೀಟಿ ಹುಡುಕಿ, ತಾರೀಖು ನೋಡಿ. ಊಟ ಆದ ಮೇಲೆ ಇದೇ ಚಪ್ಪರದಲ್ಲಿ ಇರ್ತೀನಿ, ಕಾಗದ ಇದ್ದವರು ತಗೊಂಡು ಬನ್ನಿ, ಕೂತು ಬರೆಯೋಣ.