ಗರ್ಭದ ದಿನಗಣನೆ

ಗರ್ಭಕ್ಕೆ ನವಮಾಸವೆಂದು ನಾವೆಲ್ಲರೂ ಬಲ್ಲೆವು. ಎಂದಿನಿಂದ ಎಣಿಸಬೇಕೆಂದರೆ ಮಾತ್ರ ತಡವರಿಸುತ್ತೇವೆ. ವೈದ್ಯರು ಕಡೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಎಂದರೆ 40 ವಾರಗಳನ್ನು ಎಣಿಸುವರು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ನೇಗೆಲೆಯ (1778–1851) ಹೆಸರಿನ ಸೂತ್ರದಂತೆ, ಆ ದಿನಕ್ಕೆ 7 ದಿನಗಳನ್ನೂ 9 ತಿಂಗಳನ್ನೂ ಕೂಡಿಸಬೇಕು: ಜನವರಿ 10 ಆಗಿದ್ದರೆ ಹೆರಿಗೆಯ ನಿರೀಕ್ಷೆ ಅಕ್ಟೋಬರ್ 17. ಮುಟ್ಟು 28 ದಿನಗಳಿಗೊಮ್ಮೆ ಕ್ರಮವಾಗಿ ಬರುವವರಿಗೆ ಈ ಲೆಕ್ಕ ಹೊಂದುವುದು. ಕ್ರಮವಿಲ್ಲದವರಿಗೆ ಮೊದಲ ಮೂರು ತಿಂಗಳೊಳಗಿನ ಅಲ್ಟ್ರಾಸೌಂಡ್ ಅಳತೆಯೇ ಹೆಚ್ಚು ನಂಬತಕ್ಕುದು. ಗಣನೆ ತಪ್ಪಿದರೆ, 37 ವಾರ ತುಂಬದ ಶಿಶುವನ್ನು ದಿನ ತುಂಬಿದುದೆಂದು ಭ್ರಮಿಸಿ, ಶ್ವಾಸಕೋಶ ಬಲಿಯುವ ಮೊದಲೇ ಹೆರಿಗೆ ಮಾಡಿಸುವ ಅಪಾಯವುಂಟು. ಆದುದರಿಂದ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ ವೈದ್ಯರಿಗೆ ತಿಳಿಸುವುದು ನಾಚಿಕೆಯ ಮಾತಲ್ಲ. ಹುಟ್ಟಲಿರುವ ಮಗುವಿಗೆ ನಾವು ಸಲ್ಲಿಸುವ ಮೊದಲ ಸೇವೆ.