ಮೋಡ ಕವಿದ ದಿನದ ಧಗೆ ಮತ್ತು ಸಂಜೆಯ ಸಿಡಿಲು

(ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೂ ಅವರ ಬಂಧುಗಳಿಗೂ ನೀಡಿದ ಉಪನ್ಯಾಸ)



ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರಿಗೆ ಬಿಸಿಲಿನ ಬಗ್ಗೆ ಪಾಠ ಹೇಳಲು ನಿಂತರೆ ತಮಗೆ ನಗು ಬರಬಹುದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಅದಕ್ಕೇ ಬಹಳಷ್ಟು ವರ್ಷ ಈ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುತ್ತವೆ. ತೊಗರಿ ಚೀಲ ಹೊರುವವರಿಗೆ, ಇಟ್ಟಿಗೆ ಭಟ್ಟಿಯವರಿಗೆ ಆ ಅನುಕೂಲವಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅಂಥ ಹಮಾಲರೊಬ್ಬರನ್ನು ಹೊತ್ತು ತಂದರು. ಮಾತು ತೊದಲುತ್ತಿತ್ತು, ಹೆಂಡತಿಯ ಗುರುತು ಸಿಗುತ್ತಿರಲಿಲ್ಲ. ಮೈ ಕೆಂಡದಂತೆ ಸುಡುತ್ತಿದ್ದರೂ ಅಂಗಿ ಬೆವರಿನಿಂದ ತೊಯ್ದಿತ್ತು. “ಬಿಸಲೇ ಇದ್ದಿಲ್ರೀ ಸಿಸ್ಟರ್, ಮಾಡ ಆಗಿತ್ತು” ಎಂದು ಆಕೆ ಮತ್ತೆ ಮತ್ತೆ ಹೇಳಿದರು. ಜ್ವರವೆಂದು ತಿಳಿದು ಅಂಗಡಿಯ ಮಾತ್ರೆ ನುಂಗಿಸಿ ಎರಡು ತಾಸು ಮಲಗಿಸಿದ್ದರು. ನಿಜ ಹೇಳಬೇಕೆಂದರೆ ಬೆವರು ನೋಡಿ ನಾನೂ ಮೊದಲು ಜ್ವರವೆಂದೇ ತಿಳಿದೆ. ವೈದ್ಯರು ಬಂದು ‘ನೀರು ಸುರಿಯಿರಿ’ ಎಂದಾಗಲೇ ನನಗೆ ಅರ್ಥವಾದದ್ದು. ಜೀವ ಉಳಿಯಿತು, ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಡಯಾಲಿಸಿಸ್ ಮಾಡಬೇಕಾಯಿತು.

ಹಿಂದಿನ ದಿನಗಳಿಗಿಂತ ಅಂದು ಉಷ್ಣತೆ ಕಡಿಮೆಯೇ ಇತ್ತು. ಹಾಗಾದರೆ ಆದದ್ದೇನು? ನಮ್ಮ ಮೈ ತಣ್ಣಗಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಒಣ ಬಿಸಿಲಿನಲ್ಲಿ ಬೇಗ ಆರುತ್ತದೆ. ಮಳೆಗಾಲಕ್ಕೆ ಮುಂಚೆ ಸಮುದ್ರದ ಕಡೆಯಿಂದ ತೇವದ ಗಾಳಿ ಒಳನಾಡಿಗೆ ಬಂದ ದಿನ ಬೆವರು ಆರದೆ ಮೈಮೇಲೇ ನಿಲ್ಲುತ್ತದೆ, ಕಾವು ಒಳಗೇ ಉಳಿಯುತ್ತದೆ. ಅದೇ ತೇವದ ಗಾಳಿ ಕಾದ ನೆಲದ ಮೇಲೆ ಎತ್ತರಕ್ಕೇರಿ ಮಧ್ಯಾಹ್ನದ ನಂತರ ಗುಡುಗು ಮೋಡವಾಗುತ್ತದೆ. ಅಂದರೆ ಮಧ್ಯಾಹ್ನ ಧಗೆ ಹೆಚ್ಚಿದ್ದರೆ ಸಂಜೆ ಸಿಡಿಲೂ ಬರಬಹುದು.

ಹವಾಮಾನ ಇಲಾಖೆಯವರು ನಮ್ಮ ಭಾಗವನ್ನು ‘ಉತ್ತರ ಒಳನಾಡು’ ಎನ್ನುತ್ತಾರೆ. ರೇಡಿಯೋದಲ್ಲಿ ಆ ಹೆಸರು ಬಂದಾಗ ಕಿವಿಗೊಡಿ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಎಚ್ಚರ ವಹಿಸಿ ಎಂದರ್ಥ. ಅವರು ಹೇಳುವ ಡಿಗ್ರಿ ನೆರಳಿನಲ್ಲಿ ಅಳೆದದ್ದು. ತಾವು ದುಡಿಯುವ ಬಯಲಿನದ್ದಲ್ಲ. ಬಯಲು ಸೀಮೆಯಲ್ಲಿ 40 ಡಿಗ್ರಿ ಮುಟ್ಟದೆ ಬಿಸಿಗಾಳಿಯೆಂದು ಘೋಷಿಸುವುದೂ ಇಲ್ಲ. ಆದ್ದರಿಂದ 38 ಡಿಗ್ರಿಯ ಧಗೆಯ ದಿನ ಯಾರೂ ಎಚ್ಚರಿಸದಿದ್ದರೂ ಭಾರದ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ.

ಬಿಸಿಲಿನಲ್ಲಿ ಅಥವಾ ಧಗೆಯಲ್ಲಿ ದುಡಿದವರು ಅಡ್ಡಾದಿಡ್ಡಿ ಮಾತನಾಡಿದರೆ, ತಪ್ಪು ಹೆಜ್ಜೆ ಹಾಕಿದರೆ ಕುಡಿದಿದ್ದಾರೆ ಎನ್ನಬೇಡಿ, ಗಾಳಿ ಸೋಕಿದೆ ಎಂದೂ ಹೇಳಬೇಡಿ. ಮೈಕಾವು 104 ದಾಟಿದ್ದರೆ ಜ್ವರದ ಮಾತ್ರೆ ಕೆಲಸ ಮಾಡುವುದಿಲ್ಲ. 108ಕ್ಕೆ ಫೋನ್ ಮಾಡಿ, ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ನೀರು ಸುರಿದು ಗಾಳಿ ಹಾಕಿ. ಗಾಡಿ ಬರುವವರೆಗೂ ನಿಲ್ಲಿಸಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ನಮ್ಮಲ್ಲಿ ಬಿ.ಪಿ., ಹೃದಯ, ಕಿಡ್ನಿ ಕಾಯಿಲೆಗೆ ಔಷಧಿ ಪಡೆಯುವವರು ಬಹಳ ಜನ ಇದ್ದೀರಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಸಿಗೆಯಲ್ಲಿ ತಲೆಸುತ್ತು ಬೇಗ ಬರುತ್ತದೆ. ತಾವಾಗಿ ಮಾತ್ರೆ ಬಿಡಬೇಡಿ. ‘ನೀರು ಅಳತೆಯಲ್ಲಿ ಕುಡಿಯಿರಿ’ ಎಂದು ಹೇಳಿಸಿಕೊಂಡವರು ಎಷ್ಟು ಕುಡಿಯಬೇಕೆಂದು ಇಂದೇ ವೈದ್ಯರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಉಳಿದವರಿಗೆ ಮಜ್ಜಿಗೆ, ಅಂಬಲಿ ಇದ್ದೇ ಇದೆ. ಬಣ್ಣದ ಬಾಟಲಿಗೆ ದುಡ್ಡು ಸುರಿಯಬೇಕಾಗಿಲ್ಲ.

ಇನ್ನು ಸಿಡಿಲು. ಮಿಂಚು ಕಂಡೊಡನೆ ಎಣಿಸಲು ಶುರುಮಾಡಿ. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು ಸುಮಾರು 10 ಕಿಲೋಮೀಟರ್ ಒಳಗಿದೆ. ಪಕ್ಕಾ ಮನೆಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ತಾಸು ಒಳಗೇ ಇರಿ. ಹೊಲದ ಗುಡಿಸಲು ರಕ್ಷಣೆ ಕೊಡುವುದಿಲ್ಲ. ಬೇವಿನ ಮರದ ಕೆಳಗಂತೂ ನಿಲ್ಲಬೇಡಿ. ಮಳೆ ತಪ್ಪಿಸಿಕೊಳ್ಳಲು ಹೋಗಿ ಜೀವ ಕಳೆದುಕೊಂಡವರಿದ್ದಾರೆ. ಸ್ಮಾರ್ಟ್ ಫೋನ್ ಇರುವ ಮಕ್ಕಳಿಂದ ‘ದಾಮಿನಿ’ ಆಪ್ ಹಾಕಿಸಿಕೊಳ್ಳಿ, ಹತ್ತಿರದ ಸಿಡಿಲಿನ ಸೂಚನೆ ಕೊಡುತ್ತದೆ.

ಸಿಡಿಲು ಬಡಿದವರನ್ನು ಮುಟ್ಟಲು ಜನ ಹೆದರುತ್ತಾರೆ. ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರಿಲ್ಲದೆ ಸತ್ತಂತೆ ಬಿದ್ದವರನ್ನೇ ಮೊದಲು ನೋಡಬೇಕು. ಎದೆ ಒತ್ತಿದರೆ ಬದುಕುವ ಸಾಧ್ಯತೆ ಇರುತ್ತದೆ. ಎದೆಯ ನಡುವೆ ಎರಡೂ ಅಂಗೈ ಇಟ್ಟು, ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು.

ಕೇಳಿದರೆ ಇದು ಬರುವುದಿಲ್ಲ, ಕೈ ಕಲಿಯಬೇಕು. ಮೇಜಿನ ಮೇಲೆ ಗೊಂಬೆ ಇಟ್ಟಿದ್ದೇವೆ. ಕಿಟಕಿ ಪಕ್ಕ ಕುಳಿತ ತಮ್ಮಾ, ನೀನೇ ಮೊದಲು ಬಾ. ಆಮೇಲೆ ಆ ಅಕ್ಕನವರು ಬರಲಿ.