ಕಾದ ತಂತಿಯ ಪೊರೆ

ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪ ಹೊತ್ತಿಸಿದ್ದು 1905ರಲ್ಲಿ. ಮರುವರ್ಷವೇ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ರೋಮ್ ತಂತಿಗೆ ಪೇಟೆಂಟ್ ಪಡೆದರು. ನಮ್ಮ ಕರೆಂಟ್ ಒಲೆಯ ಕಾಯಿಲ್ ಅಂದರೆ ಇದೇ.

ಕೋಗಿಲಿನ ರಿಪೇರಿ ಅಂಗಡಿಯೊಂದಕ್ಕೆ ಅಂಥ ಒಲೆ ಬಂದಿತ್ತು. ಕಾಯಿಲ್ ತುಂಡಾಗಿದೆ. "ಎರಡೂ ತುದಿ ತಿರುಚಿ ಕೊಡಣ್ಣ" ಅಂದರು ತಂದವರು. "ಬೇಡಮ್ಮ, ನಿಲ್ಲಲ್ಲ. ಹೊಸದೇ ಹಾಕೋಣ" ಅಂದರು ಅಂಗಡಿಯವರು.

ಯಾಕೆ ನಿಲ್ಲುವುದಿಲ್ಲ? ಕಾದಾಗ ಈ ತಂತಿ ಮೈಮೇಲೆ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದಂತೆ ಕಾಯುವುದು ಆ ಪೊರೆಯೇ. ಆದರೆ ಮುರಿದ ತುದಿಗಳನ್ನು ಸೇರಿಸಹೋದರೆ, ಅದೇ ನಡುವೆ ಅಡ್ಡ ನಿಲ್ಲುತ್ತದೆ. ಕರೆಂಟು ಅಲ್ಲಿ ತಿಣುಕುತ್ತದೆ. ಗಂಟು ಮಿತಿಮೀರಿ ಕಾದು, ಮತ್ತೆ ಅಲ್ಲೇ ಕಡಿಯುತ್ತದೆ.

ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಮದುವೆಮನೆಯಲ್ಲಿ ಅವಸರದಿಂದ ಕೈಕುಲುಕಿಸುತ್ತೇವಲ್ಲ, ನನಗೆ ಅದು ನೆನಪಾಯಿತು. ಇಬ್ಬರಿಗೂ ನೋವು ತಡೆಯಲು ಬೆಳೆದ ಪೊರೆ ಇರುತ್ತದೆ. ಅದು ಬೇಕಾಗಿಯೇ ಬೆಳೆದದ್ದು. ಕೈ ಸೇರಿದರೂ ಮಾತು ಹರಿಯುವುದಿಲ್ಲ.

ಅಂಗಡಿಯವರು ಹೊಸ ಕಾಯಿಲ್ ಕೂರಿಸಿ, ಎರಡೂ ಸ್ಕ್ರೂ ಬಿಗಿ ಮಾಡಿದರು. "ಎರಡು ಸಾವಿರ ವ್ಯಾಟ್ ಇದು, ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತೆ. ಸಣ್ಣ ಪ್ಲಗ್ಗಿಗೆ ಹಾಕಬೇಡಮ್ಮ" ಅಂದರು.